ರೈಲಿಳಿದವರ ಬಾಗಿಲು: ಗುಬ್ಬಿ ತೋಟದಪ್ಪನವರ ಛತ್ರ

ಬೆಳಗಿನ ಜಾವ ರೈಲು ಗುಬ್ಬಿಯಲ್ಲಿ ನಿಂತಿತು. ಕಿಟಕಿಯ ಹೊರಗೆ ಕತ್ತಲೆ, ಒಂದೇ ಒಂದು ದೀಪ, ಅದರ ಬೆಳಕಿನಲ್ಲಿ ಊರಿನ ಹೆಸರು ಬರೆದ ಫಲಕ. ಅಪ್ಪಯ್ಯ ನನ್ನ ಭುಜ ತಟ್ಟಿ ಎಬ್ಬಿಸಿದರು. “ಏಳು ತಮ್ಮಾ, ಗುಬ್ಬಿ ಬಂತು ನೋಡು. ನಾವು ಬೆಂಗಳೂರಲ್ಲಿ ಇಳಿದುಕೊಳ್ಳೋದು ಈ ಊರಿನವರ ಛತ್ರದಲ್ಲೇ” ಅಂದರು. ನನಗೆ ನಿದ್ದೆಗಣ್ಣು. ಗುಬ್ಬಿ ಎಂದರೆ ನಾಟಕ ಕಂಪನಿ ಅಂತಷ್ಟೇ ಗೊತ್ತಿದ್ದ ವಯಸ್ಸು. ಗುಬ್ಬಿಯವರ ಛತ್ರ ಬೆಂಗಳೂರಿನಲ್ಲಿ ಏಕಿರಬೇಕು ಎಂದು ಕೇಳಬೇಕೆನಿಸಿತು, ಕೇಳುವ ಮೊದಲೇ ರೈಲು ಹೊರಟಿತು.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಅಪ್ಪಯ್ಯನ ಎಡಗಣ್ಣಿಗೆ ಪೊರೆ ಬಂದಿತ್ತು. ಮಿಂಟೋ ಕಣ್ಣಾಸ್ಪತ್ರೆಗೆ ಹೋಗಿ ತೋರಿಸಿ ಎಂದು ಊರಿನ ವೈದ್ಯರು ಚೀಟಿ ಬರೆದುಕೊಟ್ಟಿದ್ದರು. ಶರಾವತಿ ಹಿನ್ನೀರಿನ ಆಚೆ ದಡದವರಾದ ನಾವು ಹಿಂದಿನ ದಿನ ಬೆಳಿಗ್ಗೆಯೇ ಹೊರಟು, ಹೊಳೆ ದಾಟಿ, ಹೊಳೆಬಾಗಿಲಿನಲ್ಲಿ ಬಸ್ಸಿಗೆ ಕಾದು, ಸಾಗರಕ್ಕೆ ಬಂದು, ಅಲ್ಲಿಂದ ರೈಲು ಹಿಡಿದಿದ್ದೆವು. ಆನಂದಪುರ, ಅರಸಾಳು, ಶಿವಮೊಗ್ಗ, ಬೀರೂರು, ಕಡೂರು, ಅರಸೀಕೆರೆ, ತಿಪಟೂರು. ಅಮ್ಮ ಕಟ್ಟಿಕೊಟ್ಟ ಅವಲಕ್ಕಿ ಅರಸೀಕೆರೆಗೇ ಮುಗಿದಿತ್ತು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಸ್ಮರಣ ಸಂಚಿಕೆಗೆ ಒಂದು ಸಂಸ್ಥೆಯ ಚರಿತ್ರೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನಾನು ಈ ಛತ್ರದ ಹೆಸರು ಹೇಳಿದೆ. ಅದು ನಮ್ಮ ಸೀಮೆಯದಲ್ಲವಲ್ಲ ಎಂಬ ಮಾತು ಬಂತು. ನಿಜ, ಅದರ ಒಂದು ಕಲ್ಲೂ ಸಾಗರ, ಹೊಸನಗರ, ತೀರ್ಥಹಳ್ಳಿಯದಲ್ಲ. ಆದರೆ ಈ ಮೂರು ತಾಲ್ಲೂಕಿನಿಂದ ಓದಿಗೆ, ಕೋರ್ಟಿಗೆ, ಆಸ್ಪತ್ರೆಗೆ, ಇಂಟರ್‌ವ್ಯೂಗೆ ಎಂದು ಬೆಂಗಳೂರಿಗೆ ಹೋದ ಎಷ್ಟೋ ಮಂದಿಯ ಮೊದಲ ರಾತ್ರಿ ಕಳೆದದ್ದು ಅಲ್ಲಿ. ನಮ್ಮ ಊರಿನ ಚರಿತ್ರೆ ಊರೊಳಗೇ ನಡೆದಿರಬೇಕು ಎಂದೇನೂ ಇಲ್ಲ.

ಆ ದಿನದ ಒಂದು ಚಿತ್ರ ಮಾತ್ರ ನನಗೆ ನಿನ್ನೆಯದೆಂಬಂತೆ ಇದೆ. ನಿಲ್ದಾಣದಿಂದ ಹೊರಬಂದ ಕೂಡಲೇ ನಾಲ್ಕಾರು ಜನ ಸುತ್ತುವರಿದರು. ಒಬ್ಬ ಚೀಲಕ್ಕೆ ಕೈ ಹಾಕಿದ, ಇನ್ನೊಬ್ಬ “ಒಳ್ಳೇ ರೂಮಿದೆ ಬನ್ನಿ” ಎಂದು ಅಪ್ಪಯ್ಯನ ತೋಳು ಹಿಡಿದ. ಒಂದು ಕಣ್ಣು ಮಂಜಾದ, ಪಂಚೆ ಉಟ್ಟ ಮಲೆನಾಡಿನ ಮುದುಕನನ್ನು ಎಲ್ಲಿಗೆ ಬೇಕಾದರೂ ಕರೆದೊಯ್ಯಬಹುದು ಎಂಬುದು ಅವರಿಗೆ ಗೊತ್ತು. ಅಪ್ಪಯ್ಯ ತಲೆ ಎತ್ತದೆ “ತೋಟದಪ್ಪನ ಛತ್ರಕ್ಕೆ” ಎಂದರು. ಅಷ್ಟೇ. ಸುತ್ತುವರಿದವರು ಚದುರಿಹೋದರು. ಆ ಹೆಸರು ಹೇಳಿದವನು ದಿಕ್ಕಿಲ್ಲದವನಲ್ಲ ಎಂದು ಅರ್ಥ. ಬೆಂಗಳೂರಿನಲ್ಲಿ ನಾನು ಕಲಿತ ಮೊದಲ ಪಾಠ ಇದೇ.

ಛತ್ರದ ಬಾಗಿಲ ಬಳಿ ಮೇಜು, ಮೇಜಿನ ಮೇಲೆ ದಪ್ಪ ರಟ್ಟಿನ ರಿಜಿಸ್ಟರು. ಬರೆಯುತ್ತಿದ್ದ ಗುಮಾಸ್ತರು ಕನ್ನಡಕ ಮೇಲೆ ತಳ್ಳಿ “ಯಜಮಾನ್ರೇ, ಯಾವೂರು?” ಎಂದರು.

“ಸಾಗರದ ಕಡೆ ಸ್ವಾಮಿ. ಹೊಳೆಬಾಗಿಲು.”

“ಹೊಳೆಗೂ ಬಾಗಿಲು ಇರುತ್ತಾ?”

“ಇರುತ್ತೆ ಸ್ವಾಮಿ. ನಾವು ಹೊರಗೆ ಬರೋದೇ ಅಲ್ಲಿಂದ.”

ಅವರು ನಕ್ಕು, ಊರಿನ ಹೆಸರನ್ನು ಪೂರ್ತಿಯಾಗಿ, ಅಕ್ಷರ ನುಂಗದೆ ಬರೆದುಕೊಂಡರು. ಅಪ್ಪಯ್ಯ ಹೆಬ್ಬೆಟ್ಟು ಒತ್ತುವವರಲ್ಲ, ಸಹಿ ಹಾಕುವವರು. ಆದರೆ ಅಂದು ಗೆರೆ ಕಾಣದೆ ಕೈ ತಡವರಿಸಿತು. ಗುಮಾಸ್ತರು ತಮ್ಮ ಬೆರಳನ್ನೇ ಗೆರೆಯ ಕೆಳಗೆ ಇಟ್ಟು “ಇಲ್ಲಿ ಹಾಕಿ” ಎಂದರು. ಆ ಬೆರಳು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಎಷ್ಟೋ ವರ್ಷದ ಹಿಂದೆ ಒಬ್ಬ ವರ್ತಕ ಬರೆದಿಟ್ಟ ದಾನಪತ್ರ ನಮ್ಮವರೆಗೆ ತಲುಪಿದ್ದು ಆ ಬೆರಳಿನ ರೂಪದಲ್ಲಿ.

ಯಾರು ಈ ತೋಟದಪ್ಪನವರು?

ಹುಟ್ಟಿದ್ದು 1838ರಲ್ಲಿ, ಗುಬ್ಬಿಯ ಲಿಂಗಾಯತ ಕುಟುಂಬದಲ್ಲಿ. ವಿಕ್ಟೋರಿಯಾ ರಾಣಿ ಲಂಡನ್ನಿನಲ್ಲಿ ಪಟ್ಟಕ್ಕೆ ಬಂದ ಮರುವರ್ಷ. ಮೈಸೂರು ಆಗ ಅರಸರ ಕೈಯಲ್ಲಿರಲಿಲ್ಲ. ಅದಕ್ಕೆ ಕಾರಣ ನಮ್ಮ ನೆಲದಲ್ಲೇ ಇದೆ: 1830–31ರ ನಗರದ ರೈತರ ದಂಗೆ. ಕಂದಾಯದ ಕಿರುಕುಳ ತಾಳಲಾರದೆ ನಗರ ಸೀಮೆಯ ರೈತರು ಎದ್ದರು. ಬೂದಿ ಬಸಪ್ಪ ತಾನೇ ಕೆಳದಿಯ ವಾರಸುದಾರ ಎಂದು ಸಾರಿದ. ಆ ಗದ್ದಲವನ್ನೇ ನೆಪ ಮಾಡಿಕೊಂಡು 1831ರಲ್ಲಿ ಇಂಗ್ಲಿಷರು ರಾಜ್ಯದ ಆಡಳಿತವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ. ತೋಟದಪ್ಪನವರ ಬಾಲ್ಯ, ಯೌವನ ಎರಡೂ ಕಬ್ಬನ್ನನ ಆಳ್ವಿಕೆಯಲ್ಲಿ ಕಳೆದವು. ಸಣ್ಣಪುಟ್ಟ ಸುಂಕಗಳು ಎಷ್ಟೋ ರದ್ದಾಗಿ, ಗಾಡಿರಸ್ತೆಗಳು ಹರಡಿ, ಘಾಟಿಗಳ ದಾರಿಗಳು ತೆರೆದು, ಊರಿಂದೂರಿಗೆ ಸರಕು ಹೊತ್ತವರ ಕೈ ಸ್ವಲ್ಪ ಮೇಲಾದ ಕಾಲ ಅದು.

ಗುಬ್ಬಿ ಮೊದಲಿನಿಂದಲೂ ಸಂತೆಯ ಊರು. 1800–01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯನ್ನೂ ಕಂಡಿದ್ದ, ನಮ್ಮ ಇಕ್ಕೇರಿ, ನಗರಗಳನ್ನೂ ಕಂಡಿದ್ದ. ಮಲೆನಾಡಿನ ಅಡಿಕೆ ಬಯಲುಸೀಮೆಗೆ ಇಳಿದು ಕೈಯಿಂದ ಕೈಗೆ ಹೋಗುತ್ತಿದ್ದ ದಾರಿಯಲ್ಲಿ ಗುಬ್ಬಿಯ ಪೇಟೆ ಒಂದು ದೊಡ್ಡ ನಿಲುಗಡೆ. ನಮ್ಮ ತೋಟದ ಅಡಿಕೆಯ ಲಾಭದಲ್ಲಿ ಒಂದು ಪಾಲು ಗುಬ್ಬಿಯ ವರ್ತಕರ ತಿಜೋರಿ ಸೇರುತ್ತಿತ್ತು ಎಂದರೆ ತಪ್ಪಲ್ಲ. ಅಲ್ಲಿಂದ ಬೆಂಗಳೂರಿಗೆ ಬಂದ ತೋಟದಪ್ಪನವರ ಕುಟುಂಬ ಮಾಮೂಲುಪೇಟೆಯಲ್ಲಿ ಅಂಗಡಿ ಹಾಕಿತು. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ಮಾಮೂಲುಪೇಟೆ ಎಂದು ಒಂದಕ್ಕೊಂದು ಅಂಟಿಕೊಂಡಿರುವ ಆ ಇಕ್ಕಟ್ಟಿನ ಓಣಿಗಳಲ್ಲಿ ನಡೆದಾಡಿದವರಿಗೆ ಗೊತ್ತು, ಅಲ್ಲಿ ಹಣ ಸೇರುವುದು ಚೂರುಚೂರಾಗಿ. ತಕ್ಕಡಿಯ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ಕೂತು, ಗಿರಾಕಿಯ ನಂಬಿಕೆ ಉಳಿಸಿಕೊಂಡು, ಕಾಸಿಗೆ ಕಾಸು ಕೂಡಿಸಿ ಗಳಿಸುವ ಹಣ ಅದು.

ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ಆ ಕಾಲದ ಸಾಹುಕಾರರ ಮನೆಗಳಲ್ಲಿ ಇದಕ್ಕೆ ರೂಢಿಯಲ್ಲಿದ್ದ ದಾರಿ ದತ್ತು. ಇವರು ತಮ್ಮ ಆಸ್ತಿಯನ್ನೆಲ್ಲ ಧರ್ಮಕ್ಕೆ ಬರೆದರು. ಬೆಂಗಳೂರು ರೈಲು ನಿಲ್ದಾಣದ ಎದುರಿಗೆ, ಧರ್ಮಾಂಬುಧಿ ಕೆರೆಯ ಬಳಿ ಜಾಗ ಕೊಂಡು ಪ್ರಯಾಣಿಕರಿಗಾಗಿ ಧರ್ಮಛತ್ರ ಕಟ್ಟಿಸಿದರು. 1903ರಲ್ಲಿ ಅದನ್ನು ತೆರೆದವರು ನಾಲ್ವಡಿ ಕೃಷ್ಣರಾಜ ಒಡೆಯರು. 1902ರ ಆಗಸ್ಟ್‌ನಲ್ಲಷ್ಟೇ ರಾಜ್ಯಾಧಿಕಾರ ವಹಿಸಿಕೊಂಡಿದ್ದ, ಇನ್ನೂ ಹತ್ತೊಂಬತ್ತರ ಆಸುಪಾಸಿನ ಯುವಕ ಮಹಾರಾಜರು. ಅರವತ್ತೈದರ ವರ್ತಕನ ಬಾಳಿನ ಗಳಿಕೆಯ ಬಾಗಿಲನ್ನು ಆ ಯುವಕ ತೆರೆದ ಗಳಿಗೆಯನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ಬೆಂಗಳೂರಿಗೆ ಆಗಿನ್ನೂ ವಿದ್ಯುತ್ ದೀಪ ಬಂದಿರಲಿಲ್ಲ; ಶಿವನಸಮುದ್ರದ ವಿದ್ಯುತ್ತಿನಿಂದ ನಗರದ ಬೀದಿಗಳು ಬೆಳಗಿದ್ದು 1905ರಲ್ಲಿ. ಅಂದರೆ ಛತ್ರದ ಮೊದಲ ಅತಿಥಿಗಳು ರೈಲಿಳಿದು ಎಣ್ಣೆದೀಪದ ಬೆಳಕಿನಲ್ಲಿ ಒಳಗೆ ಕಾಲಿಟ್ಟವರು.

ಮಹಾರಾಜರು ಅವರಿಗೆ ‘ಧರ್ಮಪ್ರವರ್ತ’ ಎಂಬ ಬಿರುದು ಕೊಟ್ಟರು, ಬ್ರಿಟಿಷ್ ಸರ್ಕಾರ ‘ರಾವ್ ಬಹದ್ದೂರ್’ ಎಂದಿತು. ಸಂಸ್ಥೆಯ ಪೂರ್ತಿ ಹೆಸರಿನಲ್ಲಿ ಎರಡೂ ಸೇರಿವೆ. ಜನರ ಬಾಯಲ್ಲಿ ಉಳಿದದ್ದು ಮಾತ್ರ ‘ತೋಟದಪ್ಪನ ಛತ್ರ’. ತೀರಿಕೊಳ್ಳುವ ಮುನ್ನ ಅವರು ಆಸ್ತಿಯನ್ನು ಧರ್ಮಸಂಸ್ಥೆಗೆ ಒಪ್ಪಿಸಿ, ಅದರ ಆಡಳಿತವನ್ನು ಕೆ.ಪಿ. ಪುಟ್ಟಣ್ಣಚೆಟ್ಟಿಯವರ ಕೈಗಿತ್ತರು. ಈಗ ಪುರಭವನಕ್ಕೆ ಯಾರ ಹೆಸರಿದೆಯೋ ಅದೇ ಪುಟ್ಟಣ್ಣಚೆಟ್ಟಿಯವರು. ಮೈಸೂರು ಸರ್ಕಾರದ ದೊಡ್ಡ ಹುದ್ದೆಗಳಲ್ಲಿದ್ದು ಪ್ರಾಮಾಣಿಕರೆಂದು ಹೆಸರಾದವರು. 1910ರಲ್ಲಿ ತೋಟದಪ್ಪನವರು ತೀರಿಕೊಂಡರು.

ಅವರ ಬಾಳಿನ ಬಗ್ಗೆ ಹೇಳಬೇಕಾದ ಘಟನೆಗಳು ಇಷ್ಟೇ. ಆದರೆ ಅವರು ಮಾಡಿದ್ದರ ಅರ್ಥ ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ದಾನ ಮಾಡಿದ ವರ್ತಕರು ಆ ಕಾಲದ ಬೆಂಗಳೂರಿನಲ್ಲಿ ಇವರೊಬ್ಬರೇ ಅಲ್ಲ. ಅಠಾರಾ ಕಚೇರಿಯ ಕಟ್ಟಡದ ಗುತ್ತಿಗೆ ಮಾಡಿದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ದಂಡಿನಲ್ಲಿ ಬಡ ಮಕ್ಕಳಿಗೆ ಶಾಲೆ ತೆರೆದರು. ವೀಳ್ಯದೆಲೆ ಮಾರಿ ಬದುಕಿದ ಎಲೆ ಮಲ್ಲಪ್ಪ ಶೆಟ್ಟರ ಹೆಸರಿನ ಕೆರೆ ಇಂದಿಗೂ ಕೃಷ್ಣರಾಜಪುರದ ಬಳಿ ಇದೆ. ಇಂಗ್ಲೆಂಡಿನಲ್ಲಿ ಉಣ್ಣೆ ಗಿರಣಿಯ ಟೈಟಸ್ ಸಾಲ್ಟ್ ತನ್ನ ಕೂಲಿಗಾರರಿಗಾಗಿ ಸಾಲ್ಟೇರ್ ಎಂಬ ಊರನ್ನೇ ಕಟ್ಟಿಸಿದ. ಜಾರ್ಜ್ ಪೀಬಾಡಿ 1862ರಲ್ಲಿ ಲಂಡನ್ನಿನ ಬಡವರ ವಸತಿಗೆ ನಿಧಿ ಇಟ್ಟ. ವ್ಯಾಪಾರದಲ್ಲಿ ಬೆಳೆದವರು ಕೊಡುವುದರಲ್ಲೂ ಬೆಳೆದ ಕಾಲ ಅದು. ಆದರೆ ಸಾಲ್ಟ್ ಕಟ್ಟಿದ್ದು ತನ್ನ ಗಿರಣಿಯಲ್ಲಿ ದುಡಿಯುವವರಿಗೆ, ಪೀಬಾಡಿ ಕೊಟ್ಟದ್ದು ತಾನು ನೆಲೆಸಿದ ನಗರದ ಬಡವರಿಗೆ. ತೋಟದಪ್ಪನವರು ಕೊಟ್ಟದ್ದು ಬೆಂಗಳೂರಿನವರಲ್ಲದವರಿಗೆ. ಅವರ ಅಂಗಡಿಗೆ ಒಮ್ಮೆಯೂ ಬರದ, ಒಂದೆರಡು ರಾತ್ರಿ ಮಲಗಿ ಎದ್ದುಹೋಗುವ, ಥ್ಯಾಂಕ್ಸ್ ಹೇಳಲೂ ಸಿಗದ ಅಪರಿಚಿತರಿಗೆ.

ಅದರ ಅಗತ್ಯ ಅವರಿಗೆ ಹೊಳೆದದ್ದಾದರೂ ಹೇಗೆ? ರೈಲು ತಂದ ಬದಲಾವಣೆಯನ್ನು ಗಮನಿಸಿದರೆ ಉತ್ತರ ಸಿಗುತ್ತದೆ.

ರೈಲಿಗೆ ಮುಂಚೆ ನಮ್ಮ ದಾರಿಗಳಲ್ಲಿ ದಿನದ ನಡಿಗೆಗೊಂದು ತಂಗುದಾಣ ಇರುತ್ತಿತ್ತು. ಕೆಳದಿಯ ಅರಸರು ತಮ್ಮ ಸೀಮೆಯ ಉದ್ದಕ್ಕೂ ಮಠ, ಅಗ್ರಹಾರ, ಅನ್ನಛತ್ರಗಳಿಗೆ ಭೂಮಿ ಬಿಟ್ಟವರು. ನಗರದಿಂದ ಘಟ್ಟ ಇಳಿಯುವವನಾಗಲಿ, ಎಳ್ಳಮಾವಾಸ್ಯೆಯ ಜಾತ್ರೆಗೆ ತುಂಗೆಯ ದಡಕ್ಕೆ ತೀರ್ಥಹಳ್ಳಿಗೆ ಬರುವವನಾಗಲಿ, ಸಂಜೆ ಯಾರ ಜಗಲಿಯಲ್ಲಿ ಕಂಬಳಿ ಹಾಸಬೇಕು ಎಂದು ತಿಳಿದೇ ಹೊರಡುತ್ತಿದ್ದ. ಕತ್ತಲಾದ ಮೇಲೆ ಬಂದವನಿಗೆ ಜಗಲಿ ಇಲ್ಲ ಎನ್ನುವ ಮನೆ ಮಲೆನಾಡಿನಲ್ಲಿ ಇರಲಿಲ್ಲ. ರೈಲು ಬಂದದ್ದೇ ಈ ಸರಪಳಿ ಕಳಚಿತು. ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. 1884ರಲ್ಲಿ ಹಳಿ ತುಮಕೂರು ದಾಟಿ ಗುಬ್ಬಿ ಮುಟ್ಟಿತು, 1889ರ ಹೊತ್ತಿಗೆ ಹರಿಹರ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ಕವಲು. ನಮ್ಮ ತಾಳಗುಪ್ಪದವರೆಗೆ ಹಳಿ ಬರಲು 1940ರ ಸುಮಾರಾಯಿತು. ಹಿಂದೆ ವಾರಗಟ್ಟಲೆ ಗಾಡಿಯಲ್ಲಿ, ಹತ್ತು ಊರಿನ ಅನ್ನ ಉಂಡು ಬೆಂಗಳೂರು ತಲುಪುತ್ತಿದ್ದವನು ಈಗ ಒಂದೇ ರಾತ್ರಿಯಲ್ಲಿ, ಎಲ್ಲ ಮಠ ಛತ್ರಗಳನ್ನು ನಿದ್ದೆಯಲ್ಲೇ ದಾಟಿ, ಗುರುತಿನ ಮುಖ ಒಂದೂ ಇಲ್ಲದ ಪ್ಲಾಟ್‌ಫಾರ್ಮಿನ ಮೇಲೆ ಬಂದು ಬೀಳುತ್ತಿದ್ದ. ದಾರಿಯ ಮೇಲೆ ಹರಡಿದ್ದ ಹತ್ತು ತಂಗುದಾಣಗಳ ಕೆಲಸವೆಲ್ಲ ಹಳಿ ಮುಗಿಯುವ ಜಾಗದ ಒಂದೇ ಸೂರಿನ ಮೇಲೆ ಬಿತ್ತು. ಆ ಸೂರು ಎಲ್ಲಿರಬೇಕು ಎಂಬುದನ್ನು ತೋಟದಪ್ಪನವರು ಸರಿಯಾಗಿ ಕಂಡುಕೊಂಡರು. ಪೇಟೆಯೊಳಗೆ ತಮ್ಮ ಅಂಗಡಿಯ ಪಕ್ಕದಲ್ಲಿ ಕಟ್ಟಿದ್ದರೆ ನಾಲ್ಕು ಜನ ನೆಂಟರಿಷ್ಟರು ನೋಡಿ ಹೊಗಳುತ್ತಿದ್ದರು. ದೇವಸ್ಥಾನದ ಬಳಿ ಕಟ್ಟಿದ್ದರೆ ಪುಣ್ಯ ಎನ್ನುತ್ತಿದ್ದರು. ಅವರು ಆರಿಸಿದ್ದು ನಿಲ್ದಾಣದ ಮುಂದಿನ ನೆಲ.

ಇನ್ನೊಂದು ಸಂಗತಿಯನ್ನೂ ನೆನೆಯಬೇಕು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂದದ್ದು ಹುಬ್ಬಳ್ಳಿಯ ಕಡೆಯಿಂದ, ರೈಲಿನಲ್ಲೇ. ಪೇಟೆಯ ಮನೆಮನೆಯಲ್ಲೂ ಸಾವು. ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ರೈಲಿನಿಂದ ಇಳಿದ ಪ್ರಯಾಣಿಕ ಎಂದರೆ ಊರಿನವರು ಹೆದರಿ ದೂರ ಸರಿಯುತ್ತಿದ್ದ ದಿನಗಳು. ಆ ಭಯ ಇನ್ನೂ ಹಸಿಯಾಗಿದ್ದ ಐದೇ ವರ್ಷದೊಳಗೆ ಪೇಟೆಯ ವರ್ತಕರೊಬ್ಬರು ಅದೇ ಪ್ರಯಾಣಿಕನಿಗೆ ‘ಒಳಗೆ ಬಾ’ ಎಂದರು. ನನ್ನ ಮಟ್ಟಿಗೆ ಛತ್ರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ.

ತೋಟದಪ್ಪನವರ ಕೊಡುಗೆಯನ್ನು ಬರೀ ವಿಕ್ಟೋರಿಯಾ ಕಾಲದ ದಾನಶೀಲತೆ ಎಂದರೆ ಅರ್ಧ ಹೇಳಿದಂತೆ. ಬಿರುದು ಬ್ರಿಟಿಷರದಾದರೂ ಬೇರು ಇಲ್ಲಿಯದು. ಶರಣರು ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಬಿಡಿಸದೆ ಕಟ್ಟಿಟ್ಟರು. ಗಳಿಕೆ ತಪ್ಪಲ್ಲ, ಗಳಿಸಿದ್ದು ತನ್ನದಲ್ಲ. ಅದು ಹಂಚಿಹೋಗುವವರೆಗೆ ಕಾಯಕ ಮುಗಿದಂತಲ್ಲ. ದಾಸೋಹದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ ಎಂಬ ಲೆಕ್ಕ ಇಲ್ಲ. ನಮ್ಮಜ್ಜಿ ಸಾಹುಕಾರ ಎಂಬ ಪದವನ್ನು ಒಳ್ಳೆಯ ಅರ್ಥದಲ್ಲಿ ಆಡಿದ್ದನ್ನು ನಾನು ಕೇಳಿಲ್ಲ. ಅಡಿಕೆ ಮಂಡಿಯ ಮುಂಗಡ, ಬಡ್ಡಿ, ತೂಕ ಇವುಗಳಲ್ಲಿ ಬೆಂದ ತಲೆಮಾರು ಅದು. ಆದರೆ ಅಪ್ಪಯ್ಯ ಕಣ್ಣಿನ ಆಪರೇಷನ್ ಮುಗಿಸಿ ಊರಿಗೆ ಮರಳಿ ಛತ್ರದ ಕತೆ ಹೇಳಿದ ಸಂಜೆ, ಅಜ್ಜಿ ದೇವರ ದೀಪಕ್ಕೆ ಎಣ್ಣೆ ಹಾಕುತ್ತ “ಆ ಪುಣ್ಯಾತ್ಮನ ಹೆಸರೆಂತದು ಹೇಳಿದೆ?” ಎಂದು ಎರಡು ಸಲ ಕೇಳಿ ತಿಳಿದುಕೊಂಡಳು.

ಛತ್ರದ ಜೊತೆಗೇ ಬೆಳೆದದ್ದು ವಿದ್ಯಾರ್ಥಿನಿಲಯ. ಹಳ್ಳಿಗಳಿಂದ ಬಂದ ಲಿಂಗಾಯತ ವಿದ್ಯಾರ್ಥಿಗಳಿಗೆ ಅಲ್ಲಿ ವಸತಿ. ಛತ್ರ ಹಿಂದೂ ಪ್ರಯಾಣಿಕರಿಗೆ. ಈ ಗೆರೆಗಳನ್ನು ಮುಚ್ಚಿಟ್ಟು ಚರಿತ್ರೆ ಬರೆಯುವುದು ನನಗೆ ಸಮ್ಮತವಲ್ಲ. ಇಂದು ನೋಡಿದರೆ ಬಾಗಿಲು ಇನ್ನೂ ಅಗಲವಾಗಿರಬೇಕಿತ್ತು ಎನಿಸುತ್ತದೆ, ಎನಿಸಬೇಕು ಕೂಡ. ಆದರೆ ಆ ಕಾಲದಲ್ಲಿ ಹಳ್ಳಿಯ ಹುಡುಗ ಕಾಲೇಜಿನ ಮೆಟ್ಟಿಲು ಹತ್ತಲು ಇದ್ದ ಏಣಿಯೇ ಸಮುದಾಯದ ಹಾಸ್ಟೆಲು. ಸರ್ಕಾರಿ ನೌಕರಿಗಳೆಲ್ಲ ಬೆರಳೆಣಿಕೆಯ ಮನೆಗಳ ಪಾಲಾಗಿದ್ದವು. 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದ್ದು ಇದೇ ಕಾರಣಕ್ಕೆ. ಹಿಂದುಳಿದವರಿಗೆ ಮೀಸಲಾತಿ ಬೇಕೆಂದು ಮಿಲ್ಲರ್ ಸಮಿತಿ ಹೇಳಿದ್ದು 1919ರಲ್ಲಿ. ಶಾಸನ ಬರುವ ಮುಂಚೆ ಅನ್ನ, ಚಾಪೆ, ದೀಪಗಳನ್ನು ಒದಗಿಸಿದವರು ತೋಟದಪ್ಪನವರಂಥವರು.

ತಲೆಯ ಮೇಲೊಂದು ಸೂರು ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೆ ತೀರ್ಥಹಳ್ಳಿಯವರಿಗೆ ಹೊರಗಿನ ಉದಾಹರಣೆ ಬೇಕಿಲ್ಲ. ಕುಪ್ಪಳಿಯ ಪುಟ್ಟಪ್ಪ ಮೈಸೂರಿನಲ್ಲಿ ಓದುತ್ತ ಕಾಯಿಲೆ ಬಿದ್ದಾಗ ರಾಮಕೃಷ್ಣಾಶ್ರಮ ಕರೆದು ಇಟ್ಟುಕೊಂಡಿತು. ಅಲ್ಲಿಂದ ಮುಂದೆ ಕುವೆಂಪು. ತೋಟದಪ್ಪನವರ ಸೂರಿನ ಕೆಳಗೂ ಅಂಥದೇ ಒಂದು ಬಾಳು ರೂಪುಗೊಂಡಿತು. 1927ರಲ್ಲಿ ಸೆಂಟ್ರಲ್ ಕಾಲೇಜಿಗೆ ಸೇರಿದ, ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣ ಎಂಬ ವಿದ್ಯಾರ್ಥಿ ಉಳಿದುಕೊಂಡದ್ದು ಅಲ್ಲಿ. 1930ರಲ್ಲಿ ಅವರು ಸಿದ್ಧಗಂಗಾ ಮಠದ ಉತ್ತರಾಧಿಕಾರಿಯಾದರು, ಶಿವಕುಮಾರ ಸ್ವಾಮಿಗಳಾದರು. 2019ರ ಜನವರಿಯಲ್ಲಿ ನೂರಾ ಹನ್ನೊಂದರ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ, ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಒಟ್ಟಿಗೇ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಧರ್ಮದ ಸೂರಿನಡಿ ಓದಿದ ಹುಡುಗ ಅದೇ ಸೂರನ್ನು ನೂರು ಪಾಲು ಹಿಗ್ಗಿಸಿದ. ಬಾಗಿಲು ಕಿರಿದಾಗಿತ್ತು ಎಂದು ಮೇಲೆ ಹೇಳಿದೆನಲ್ಲ, ಅದು ಅಗಲವಾದದ್ದು ಹೀಗೆ.

ನಮ್ಮ ಶಾಲೆಯಲ್ಲಿ ನನಗಿಂತ ಎರಡು ವರ್ಷ ಹಿಂದಿದ್ದ ಹೊಸನಗರದ ಕಡೆಯ ಗೆಳೆಯನೊಬ್ಬ ಆ ಹಾಸ್ಟೆಲಿನಲ್ಲೇ ಇದ್ದು ಪದವಿ ಮುಗಿಸಿದ. ಮನೆಯಲ್ಲಿ ಒಂದೂವರೆ ಎಕರೆ ಗದ್ದೆ, ಅದರಲ್ಲೂ ಅರ್ಧ ಮಳೆಗಾಲದಲ್ಲಿ ನೀರಿನಡಿ. ಅವನು ಊರಿಗೆ ಬರುವಾಗ ತರುತ್ತಿದ್ದ ಕಬ್ಬಿಣದ ಟ್ರಂಕಿನ ಮುಚ್ಚಳದ ಒಳಗೆ ಮಗ್ಗಿ ಬರೆದಂತೆ ಲೆಕ್ಕ ಬರೆದಿರುತ್ತಿದ್ದ: ಸೋಪು, ಅಂಚೆ ಕಾರ್ಡು, ಲೈಬ್ರರಿ ಡಿಪಾಸಿಟ್ಟು, ರೈಲು ಚಾರ್ಜು. ಬಾಡಿಗೆ ಎಂಬ ಸಾಲೇ ಇರುತ್ತಿರಲಿಲ್ಲ. “ಆ ಒಂದು ಸಾಲು ಇದ್ದಿದ್ದರೆ ನಾನು ಎರಡನೇ ವರ್ಷ ವಾಪಸ್ ಬಂದು ನೇಗಿಲು ಹಿಡೀತಿದ್ದೆ ಮಾರಾಯ” ಎಂದು ಅವನು ಹೇಳುವುದುಂಟು. ಅವನೀಗ ನಿವೃತ್ತ ಅಧ್ಯಾಪಕ. ಎಷ್ಟು ಮಕ್ಕಳಿಗೆ ಪಾಠ ಹೇಳಿದನೋ, ಅವರೆಲ್ಲರೂ ಒಂದು ಲೆಕ್ಕದಲ್ಲಿ ಮಾಮೂಲುಪೇಟೆಯ ಆ ಅಂಗಡಿಗೆ ಋಣಿಗಳು.

ಧರ್ಮಾಂಬುಧಿ ಕೆರೆ ಈಗಿಲ್ಲ. 1896ರಲ್ಲಿ ಹೆಸರಘಟ್ಟದ ನೀರು ನಲ್ಲಿಯಲ್ಲಿ ಬಂದ ಮೇಲೆ ಪೇಟೆಗೆ ಆ ಕೆರೆ ಬೇಡವಾಯಿತು, ಕ್ರಮೇಣ ಬತ್ತಿ ಮೈದಾನವಾಯಿತು, ಈಗ ಅದರ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ. ಹೊಳೆ ಕಟ್ಟಿ ಊರು ಕಳೆದುಕೊಂಡ ನಮಗೆ, ಕೆರೆ ಬತ್ತಿಸಿ ಊರು ಕಟ್ಟಿದ ಆ ನೆಲದ ಮೇಲೆ ನಿಂತಾಗ ಮನಸ್ಸು ಒಂದು ಗಳಿಗೆ ಭಾರವಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದೆ ಸರಿದಾಗ ನಮ್ಮ ಗದ್ದೆ, ತೋಟ, ದೇವರ ಬನ, ದಾರಿ ಎಲ್ಲ ಮುಳುಗಿದವು. ಜೋಗದ ಕರೆಂಟು ಬೆಂಗಳೂರಿಗೆ ಹೋಯಿತು. ನಾವು ದ್ವೀಪದವರಾದೆವು. ಅಪ್ಪಯ್ಯ ಛತ್ರದ ಕೋಣೆಯಲ್ಲಿ ಮಲಗುವ ಮುಂಚೆ ಬಲ್ಬಿನ ಕಡೆ ಮುಖ ಎತ್ತಿ ನೋಡುತ್ತ ಸುಮ್ಮನೆ ಕೂತಿದ್ದರು. ಮಂಜು ಕವಿದ ಕಣ್ಣಿಗೆ ಅದು ದೊಡ್ಡ ಬೆಳಕಿನ ಮುದ್ದೆಯಾಗಿ ಕಂಡಿರಬೇಕು. “ನಮ್ಮ ಹೊಳೆ ಇಲ್ಲಿಗೆ ಬಂದದೆ” ಎಂದರು. ಆ ಮಾತಿನಲ್ಲಿ ಸಿಟ್ಟು ಇತ್ತೋ ಸಮಾಧಾನ ಇತ್ತೋ ಎಂದು ಅವತ್ತು ಕೇಳಲಿಲ್ಲ. ಮನೆ ಕಳೆದುಕೊಂಡವನಿಗೆ ಆ ನಗರದಲ್ಲಿ ನಿಶ್ಚಿಂತೆಯಿಂದ ಮಲಗಲು ಸಿಕ್ಕ ಜಾಗ ಅದೊಂದೇ ಎಂಬುದಂತೂ ಸತ್ಯ.

2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಅರವತ್ತು ವರ್ಷ ಕಡವು ಕಾದವರು ಈಗ ಬಸ್ಸಿನಿಂದ ಇಳಿಯದೆ ಹಿನ್ನೀರು ದಾಟುತ್ತೇವೆ. ರೈಲು ತಾಳಗುಪ್ಪದಿಂದ ನೇರವಾಗಿ ಬೆಂಗಳೂರಿಗಿದೆ. ಅರಸಾಳಿನ ಹಳೆಯ ನಿಲ್ದಾಣ ಮಾಲ್ಗುಡಿಯ ನೆನಪಿನ ಮ್ಯೂಸಿಯಮ್ ಆಗಿದೆ. ದಾರಿ ಸಲೀಸಾಯಿತು. ಆದರೆ ದಾರಿ ಮುಗಿದಲ್ಲಿ ಏನಿದೆ ಎಂಬ ಪ್ರಶ್ನೆ ಹಾಗೆಯೇ ಇದೆ. ಕ್ಯಾನ್ಸರ್, ಹೃದಯ, ಕಿಡ್ನಿ ಎಂದು ನಮ್ಮ ಮೂರು ತಾಲ್ಲೂಕಿನಿಂದ ವಾರವಾರವೂ ಜನ ಬೆಂಗಳೂರಿಗೆ ಹೋಗುತ್ತಾರೆ. ರೋಗಿಯನ್ನು ವಾರ್ಡಿನಲ್ಲಿ ಬಿಟ್ಟು, ಜೊತೆಗೆ ಬಂದವರು ಆಸ್ಪತ್ರೆಯ ಕಾಂಪೌಂಡಿನ ಪಕ್ಕ ಪತ್ರಿಕೆ ಹಾಸಿ ಮಲಗುವುದನ್ನು ನಾನು ಈ ವರ್ಷವೂ ಕಂಡೆ. ಅವರಲ್ಲಿ ಒಬ್ಬರು ನಮ್ಮ ಪಕ್ಕದೂರಿನವರೇ.

ತೋಟದಪ್ಪನವರ ಧರ್ಮಸಂಸ್ಥೆ ಇಂದಿಗೂ ನಡೆಯುತ್ತಿದೆ. ರೈಲಿಳಿದವರಿಗೆ ಅಲ್ಪ ದರದಲ್ಲಿ ಕೋಣೆ ಸಿಗುತ್ತದೆ, ವಿದ್ಯಾರ್ಥಿನಿಲಯಗಳೂ ಇವೆ. ನಿಲ್ದಾಣದ ಮುಂದಿನ ರಸ್ತೆಗೆ ಅವರದೇ ಹೆಸರು. ಒಬ್ಬನ ದಾನ ನೂರಿಪ್ಪತ್ತು ವರ್ಷ ದಾಟಿ ಉಳಿದದ್ದು ಆಶ್ಚರ್ಯವಲ್ಲ. ಅದು ಆತನ ಮುಂದಾಲೋಚನೆಯ ಫಲ. ಎಷ್ಟೋ ಧರ್ಮಗಳು ಕೊಟ್ಟವನ ಮೊಮ್ಮಕ್ಕಳ ಕಾಲಕ್ಕೇ ಕೋರ್ಟು ಹತ್ತಿ ಕರಗಿಹೋದದ್ದನ್ನು ನಮ್ಮ ಸೀಮೆಯಲ್ಲೇ ಕಂಡಿದ್ದೇವೆ. ಇವರು ಕಣ್ಣು ಮುಚ್ಚುವ ಮೊದಲೇ ಆಸ್ತಿಯನ್ನು ಸಂಸ್ಥೆಗೆ ಒಪ್ಪಿಸಿ, ತಮಗಿಂತ ಹೆಚ್ಚು ಆಡಳಿತ ಬಲ್ಲವರನ್ನು ಹುಡುಕಿ ಕೂರಿಸಿದರು. ಕೊಟ್ಟ ಹಣದಷ್ಟೇ ದೊಡ್ಡದು ಆ ವಿವೇಕ.

ಈ ಸಂಚಿಕೆಯ ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ, ಅಜ್ಜನ ಡೈರಿಯ ನಡುವೆ ತೋಟದಪ್ಪನ ಛತ್ರದ ರಸೀದಿ, ಹಾಸ್ಟೆಲಿನಿಂದ ಬರೆದ ಕಾಗದ, ಒಂದು ಫೋಟೋ ಇದ್ದರೆ ಎಸೆಯಬೇಡಿ. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಅದಕ್ಕೊಂದು ಕಪಾಟು ಮೀಸಲಿಟ್ಟಿದ್ದೇವೆ. ತಂದುಕೊಡಿ, ನಕಲು ಮಾಡಿ ಹಿಂತಿರುಗಿಸುತ್ತೇವೆ. ಇನ್ನು ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ: ಆಸ್ಪತ್ರೆಗೆ ಬರುವ ನಮ್ಮ ಕಡೆಯವರಿಗಾಗಿ ಎರಡು ಕೋಣೆ ಬಾಡಿಗೆಗೆ ಹಿಡಿಯುವ ಮಾತು ಕಳೆದ ಸಭೆಯಲ್ಲಿ ಬಂದಿತ್ತು. ಬರುವ ಎಳ್ಳಮಾವಾಸ್ಯೆಯ ಜಾತ್ರೆಗೆ ಊರಿಗೆ ಬಂದಾಗ ಒಂದು ದಿನ ಹೆಚ್ಚಿಗೆ ಉಳಿದು, ಆ ಮಾತನ್ನು ಮುಗಿಸಿಯೇ ಹೋಗಿ.